ಧ್ರುವಯಾತ್ರೆಯ ಪಾರಣೆ

ಉಪವಾಸದ ಬೆಲೆಯು ಉಪವಾಸದ ದಿನ ತಿಳಿಯುವುದಿಲ್ಲ, ಪಾರಣೆಯ ದಿನ ತಿಳಿಯುತ್ತದೆ ಎಂಬುದು ವ್ರತಗಳನ್ನು ನಡೆಸಿ ಬಂದ ಮನೆಗಳ ಹಿರಿಯರ ಅನುಭವ. ಅಷ್ಟಾಹ್ನಿಕದ ಎಂಟು ದಿನ ಏಕಭುಕ್ತದಿಂದಿದ್ದವನು ಒಂಬತ್ತನೆಯ ದಿನ ಎಲೆಯ ಮುಂದೆ ಹೇಗೆ ಕುಳಿತುಕೊಳ್ಳುತ್ತಾನೆ ಎಂಬುದನ್ನು ನೋಡಿದರೆ, ಆ ಎಂಟು ದಿನಗಳು ಅವನ ದೇಹದಲ್ಲಿ ಮಾತ್ರ ಕಳೆದವೋ ಮನಸ್ಸಿನಲ್ಲಿಯೂ ಇಳಿದವೋ ಎಂಬುದು ಗೊತ್ತಾಗುತ್ತದೆ. ಯಾತ್ರೆಯ ವಿಷಯವೂ ಹೀಗೆಯೇ. ಹೊರಡುವಾಗಿನ ಉತ್ಸಾಹವಾಗಲಿ ದಾರಿಯಲ್ಲಿನ ವಿಸ್ಮಯವಾಗಲಿ ಯಾತ್ರೆಯ ಫಲವನ್ನು ಹೇಳಲಾರವು. ಮರಳಿ ಮನೆಯ ಹೊಸ್ತಿಲನ್ನು ದಾಟುವಾಗ ಜೀವವು ಏನನ್ನು ಹೊತ್ತು ತಂದಿದೆ, ಏನನ್ನು ಇಳಿಸಿ ಬಂದಿದೆ ಎಂಬುದೇ ಫಲ.

ಶ್ರಾವಕನು ದೂರದೇಶಕ್ಕೆ ಹೋಗಬಹುದೇ ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಆಚಾರ್ಯರು ಕೊಟ್ಟ ಉತ್ತರವೂ ಹಳೆಯದೇ. ಆದರೆ ಈಚಿನ ದಿನಗಳಲ್ಲಿ ಆ ಪ್ರಶ್ನೆಯು ಹೊಸ ರೂಪದಲ್ಲಿ ಬಂದು ನಿಂತಿದೆ. ಹಿಂದೆ ವ್ಯಾಪಾರಕ್ಕಾಗಿಯೋ ವಿದ್ಯೆಗಾಗಿಯೋ ತೀರ್ಥವಂದನೆಗಾಗಿಯೋ ಜನರು ದೂರ ಹೋಗುತ್ತಿದ್ದರು. ಈಗ ಕೇವಲ ನೋಡಿ ಬರುವುದಕ್ಕಾಗಿ, ಅದೂ ಮನುಷ್ಯರೇ ನೆಲೆಸಿರದ ಹಿಮಖಂಡವನ್ನು ನೋಡಿ ಬರುವುದಕ್ಕಾಗಿ, ಸಣ್ಣ ಹಡಗುಗಳಲ್ಲಿ ಧ್ರುವಪ್ರದೇಶದವರೆಗೆ ಹೋಗುವ ಅನುಕೂಲವುಂಟು. 1966ರಲ್ಲಿ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬಾತನು ಅಂಟಾರ್ಕ್ಟಿಕಕ್ಕೆ ಪ್ರವಾಸಿಗರನ್ನು ಕರೆದೊಯ್ದನು. 1969ರಲ್ಲಿ ಈ ಕಾರ್ಯಕ್ಕೆಂದೇ ಒಂದು ಪುಟ್ಟ ಹಡಗನ್ನು ಕಟ್ಟಿಸಿದನು. ಅಂದು ಬೆರಳೆಣಿಕೆಯಷ್ಟಿದ್ದ ಯಾತ್ರಿಕರು 2023-24ರ ಒಂದೇ ಋತುವಿನಲ್ಲಿ ಒಂದು ಲಕ್ಷವನ್ನು ಮೀರಿದರು. ಅವರಲ್ಲಿ ಭಾರತೀಯರೂ ಇರುವರು. ನಾಳೆ ಒಂದು ಜೈನ ಮನೆತನದಿಂದಲೂ ಯಾರಾದರೂ ಹೊರಟರೆ ಆಶ್ಚರ್ಯವಿಲ್ಲ. ಆದುದರಿಂದ ಈ ವಿಚಾರವನ್ನು ಮುಂಚಿತವಾಗಿಯೇ ಮಥಿಸಿಕೊಳ್ಳುವುದು ಲೇಸು.

ಧ್ರುವಪ್ರದೇಶವು ಮೈಸೂರಿಗೆ ತೀರ ಅಪರಿಚಿತವಾದುದೇನೂ ಅಲ್ಲ. 1961ರಲ್ಲಿ ಈ ನಗರದಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು ಸೈನಿಕರಿಗೂ ಪರ್ವತಾರೋಹಿಗಳಿಗೂ ಕೆಡದ ಆಹಾರವನ್ನು ಸಿದ್ಧಪಡಿಸಿದಂತೆ ಭಾರತದ ಅಂಟಾರ್ಕ್ಟಿಕ ಯಾತ್ರೆಗಳಿಗೂ ಆಹಾರವನ್ನು ಒದಗಿಸಿದೆ. ಇನ್ನೊಂದು ಸಂಗತಿಯೂ ಸ್ಮರಣೀಯ. 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಗೆ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕವು ನೆರವೇರಿತು. ಅದೇ ವರ್ಷದ ಡಿಸೆಂಬರ್ 6ರಂದು ಗೋವೆಯಿಂದ ‘ಪೋಲಾರ್ ಸರ್ಕಲ್’ ಎಂಬ ನಾರ್ವೆ ದೇಶದ ಬಾಡಿಗೆಯ ಹಡಗಿನಲ್ಲಿ ಡಾ. ಎಸ್. ಜೆಡ್. ಖಾಸಿಂ ಅವರ ನೇತೃತ್ವದಲ್ಲಿ 21 ಮಂದಿ ಹೊರಟು, 1982ರ ಜನವರಿ 9ರಂದು ಹಿಮಖಂಡದಲ್ಲಿ ಕಾಲಿಟ್ಟು, ಫೆಬ್ರವರಿ 21ರಂದು ಗೋವೆಗೆ ಮರಳಿದರು. ಒಂದೇ ವರ್ಷದಲ್ಲಿ, ದಿಕ್ಕುಗಳನ್ನೆಲ್ಲ ತೊರೆದು ನಿಂತವನ ಪೂಜೆಯೂ ನಡೆಯಿತು, ದಿಕ್ಕಿನ ತುದಿಯನ್ನು ಕಾಣಲು ಹೊರಟವರ ಪ್ರಯಾಣವೂ ನಡೆಯಿತು. ಇವೆರಡೂ ಒಂದಕ್ಕೊಂದು ವಿರೋಧವೇ ಎಂಬುದು ವಿಚಾರಾರ್ಹ.

ದೃಷ್ಟಾಂತಕ್ಕಾಗಿ ಮೈಸೂರಿನ ಹಳೆಯ ಬಡಾವಣೆಯೊಂದರ ಶ್ರಾವಕ ಕುಟುಂಬವನ್ನು ಭಾವಿಸಿಕೊಳ್ಳಬಹುದು. ಮನೆಯ ಹಿರಿಯಾಕೆ ಎಂಬತ್ತನ್ನು ದಾಟಿದವರು. ಅವರು ಯೌವನದಲ್ಲಿಯೇ ಮುನಿಗಳ ಸನ್ನಿಧಿಯಲ್ಲಿ ದಿಗ್ವ್ರತವನ್ನು ಸ್ವೀಕರಿಸಿದವರು: ಪೂರ್ವಕ್ಕೆ ಸಮ್ಮೇದಶಿಖರ, ಪಶ್ಚಿಮಕ್ಕೆ ಗಿರನಾರ, ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ಕನ್ಯಾಕುಮಾರಿ. ಅವರ ಮಗನೂ ನಲವತ್ತರ ವಯಸ್ಸಿನಲ್ಲಿ ತಾಯಿಯ ಮಾತಿಗೆ ಒಪ್ಪಿ ಇದೇ ಮೇರೆಯನ್ನು ಸ್ವೀಕರಿಸಿದವನು. ಉದ್ಯೋಗದಿಂದ ನಿವೃತ್ತನಾದ ಮೇಲೆ, ಜೀವಮಾನದ ಉಳಿತಾಯದಲ್ಲಿ ಒಂದು ಭಾಗವನ್ನು ವ್ಯಯಮಾಡಿ ಅವನು ಡಿಸೆಂಬರ್ ತಿಂಗಳಲ್ಲಿ ಧ್ರುವಯಾತ್ರೆಗೆ ಹೊರಟನೆಂದು ಇಟ್ಟುಕೊಳ್ಳಬಹುದು. ವ್ರತದ ನೆನಪು ಅವನಿಗೆ ಇತ್ತು. ಆದರೆ ಅವನು ಒಂದು ಸಮಾಧಾನವನ್ನು ಕಂಡುಕೊಂಡನು: “ಉತ್ತರದಲ್ಲಿ ಹಿಮಾಲಯಕ್ಕೆ ಇನ್ನು ಮುಂದೆ ಹೋಗುವುದಿಲ್ಲ. ಆ ದೂರವನ್ನು ದಕ್ಷಿಣಕ್ಕೆ ಸೇರಿಸಿಕೊಂಡರೆ ಒಟ್ಟು ಲೆಕ್ಕ ಸರಿಯಾಗುತ್ತದೆ.” ತಾಯಿಗೆ ಮಾತ್ರ, ವಿದೇಶದಲ್ಲಿ ಸ್ವಲ್ಪ ಕೆಲಸವಿದೆ ಎಂದಷ್ಟೇ ತಿಳಿಸಿ ಹೋದನು.

ಶಾಸ್ತ್ರವನ್ನು ಬಲ್ಲವರಿಗೆ ಈ ಲೆಕ್ಕದ ದೋಷ ಕೂಡಲೇ ಕಾಣುವುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಮೇಲಿನ, ಕೆಳಗಿನ ಹಾಗೂ ಸುತ್ತಲಿನ ಮೇರೆಗಳನ್ನು ಮೀರುವುದು ಮೂರು. ಮೇರೆಯನ್ನು ಮರೆಯುವುದು ಒಂದು. ಉಳಿದುದು ಕ್ಷೇತ್ರವೃದ್ಧಿ, ಅಂದರೆ ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು. ಒಂದು ದಿಕ್ಕಿನಲ್ಲಿ ಬಿಟ್ಟುದನ್ನು ಇನ್ನೊಂದು ದಿಕ್ಕಿನಲ್ಲಿ ಸೇರಿಸಿಕೊಳ್ಳುವ ಜಾಣತನವೂ ಇದರಲ್ಲಿಯೇ ಅಡಗಿದೆ. ಸಾವಿರಾರು ವರ್ಷಗಳ ಹಿಂದೆ, ಹಡಗುಗಳು ಧ್ರುವವನ್ನು ಕಾಣುವ ಮುಂಚೆಯೇ, ಮನುಷ್ಯನ ಮನಸ್ಸು ತನ್ನನ್ನು ತಾನು ಹೇಗೆ ವಂಚಿಸಿಕೊಳ್ಳುವುದೆಂಬುದನ್ನು ಆಚಾರ್ಯರು ಇಷ್ಟು ಸೂಕ್ಷ್ಮವಾಗಿ ಬಲ್ಲವರಾಗಿದ್ದರು. ವ್ರತವು ಯೋಜನಗಳ ಜಮಾಖರ್ಚಲ್ಲ. ಇಲ್ಲಿಗೆ ಸಾಕು ಎಂದು ಲೋಭಕ್ಕೆ ಹೇಳುವ ಮಾತು ಅದು. ಆ ಮಾತನ್ನು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ವರ್ಗಾಯಿಸಲು ಬರುವುದಿಲ್ಲ.

ಆದರೂ ಅವನ ಯಾತ್ರೆಯಲ್ಲಿ ಕಲಿಯತಕ್ಕುದು ಏನೂ ಇರಲಿಲ್ಲವೆಂದು ಹೇಳುವುದು ಅನ್ಯಾಯ. ದಕ್ಷಿಣ ಅಮೆರಿಕದ ತುದಿಯ ಉಶುವಾಯ ಎಂಬ ಊರಿನಿಂದ ಹೊರಟ ಹಡಗು ಡ್ರೇಕ್ ಜಲಸಂಧಿಯನ್ನು ದಾಟಲು ಸುಮಾರು ಎರಡು ದಿನ ಬೇಕಾಗುತ್ತದೆ. ಆ ಅವಧಿಯಲ್ಲಿ ಯಾತ್ರಿಕರಿಗೆ ಅನೇಕ ನಿಯಮಗಳನ್ನು ಬೋಧಿಸುತ್ತಾರೆ. ದಡಕ್ಕೆ ಇಳಿಯುವ ಮೊದಲು ಬಟ್ಟೆಯ ಜೇಬುಗಳಲ್ಲಿ ಒಂದು ಬೀಜವೂ ಉಳಿಯದಂತೆ ಶೋಧಿಸಬೇಕು. ಪಾದರಕ್ಷೆಗಳನ್ನು ಔಷಧದ ನೀರಿನಲ್ಲಿ ತೊಳೆಯಬೇಕು. ಪೆಂಗ್ವಿನ್ ಪಕ್ಷಿಗಳಿಂದ ಕನಿಷ್ಠ ಐದು ಮೀಟರ್ ದೂರವಿರಬೇಕು, ಪಕ್ಷಿಯೇ ಎದುರು ಬಂದರೆ ಮನುಷ್ಯನೇ ದಾರಿ ಬಿಡಬೇಕು. ದಡದಲ್ಲಿ ಆಹಾರವನ್ನು ಸೇವಿಸಕೂಡದು. ಒಂದು ಕಲ್ಲನ್ನಾಗಲಿ ಗರಿಯನ್ನಾಗಲಿ ತೆಗೆದುಕೊಳ್ಳಕೂಡದು. ಒಂದು ಸ್ಥಳದಲ್ಲಿ ಒಮ್ಮೆಗೆ ನೂರು ಮಂದಿಗಿಂತ ಹೆಚ್ಚು ಯಾತ್ರಿಕರು ಇಳಿಯಕೂಡದು. ಐನೂರಕ್ಕಿಂತ ಹೆಚ್ಚು ಯಾತ್ರಿಕರಿರುವ ದೊಡ್ಡ ಹಡಗು ಅವರನ್ನು ದಡಕ್ಕೆ ಇಳಿಸುವಂತೆಯೇ ಇಲ್ಲ.

ಈ ನಿಯಮಗಳನ್ನು ಕೇಳಿದ ಜೈನನಿಗೆ ತನ್ನ ಮನೆಯ ಮಾತನ್ನೇ ಕೇಳಿದಂತಾಗುವುದು ಸಹಜ. ನೋಡಿ ನಡೆಯುವುದು ಈರ್ಯಾಸಮಿತಿಯ ಛಾಯೆ. ಕೊಡದುದನ್ನು ಮುಟ್ಟದಿರುವುದು ಅಚೌರ್ಯ. ಮೂಕಪ್ರಾಣಿಗೆ ದಾರಿ ಬಿಡುವುದು ಅಹಿಂಸೆ. ಶಾಸ್ತ್ರದ ದೃಷ್ಟಿಯಲ್ಲಿ ಮಂಜು, ಹಿಮ, ಆಲಿಕಲ್ಲುಗಳೆಲ್ಲ ಅಪ್ಕಾಯಿಕ ಜೀವಗಳ ಶರೀರಗಳು. ಜಗತ್ತಿನ ಹಿಮದಲ್ಲಿ ನೂರಕ್ಕೆ ತೊಂಬತ್ತು ಭಾಗವನ್ನು ಹೊತ್ತಿರುವ, ಸರಾಸರಿ ಎರಡು ಕಿಲೋಮೀಟರಿನಷ್ಟು ದಪ್ಪನೆಯ ಹಿಮವನ್ನು ಹೊದ್ದಿರುವ ಆ ಖಂಡದಲ್ಲಿ ಕಾಲಿಟ್ಟ ಶ್ರಾವಕನಿಗೆ, ಏಕೇಂದ್ರಿಯ ಜೀವಗಳ ಮಧ್ಯದಲ್ಲಿ ತಾನೊಬ್ಬ ಅತಿಥಿ ಎಂಬ ಭಾವವುಂಟಾದರೆ ಅದು ಸಂವೇಗವೇ ಸರಿ. ಜಗತ್ತಿನ ಸ್ವಭಾವವನ್ನು ಚಿಂತಿಸುವುದು ಸಂವೇಗ ವೈರಾಗ್ಯಗಳಿಗೆ ಸಾಧನವೆಂದು ಉಮಾಸ್ವಾಮಿಗಳೂ ತಿಳಿಸಿದ್ದಾರೆ.

ಆ ಯಾತ್ರೆಯಲ್ಲಿ ಇನ್ನೊಂದು ವಿಚಿತ್ರ ಸಂಕಟವೂ ಎದುರಾಗುತ್ತದೆ. ಹಡಗು ದಕ್ಷಿಣ ಧ್ರುವವೃತ್ತವನ್ನು ದಾಟಿದಾಗ, ಡಿಸೆಂಬರ್ ಕೊನೆಯ ದಿನಗಳಲ್ಲಿ, ಸೂರ್ಯನು ಮುಳುಗುವುದೇ ಇಲ್ಲ. ಮಧ್ಯರಾತ್ರಿಯಲ್ಲಿಯೂ ದಿಗಂತದ ಮೇಲೆ ಬೆಳಕು. ಹುಟ್ಟಿದಂದಿನಿಂದ ರಾತ್ರಿಭೋಜನವನ್ನು ತ್ಯಜಿಸಿದ ಮನೆಯವನು ಅಲ್ಲಿ ಏನು ಮಾಡತಕ್ಕುದು? ಅಕ್ಷರಶಃ ನೋಡಿದರೆ ಅಲ್ಲಿ ರಾತ್ರಿಯೇ ಇಲ್ಲ. ಬೆಳಕಿನಲ್ಲಿ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು ಅಹಿಂಸಾವ್ರತದ ಭಾವನೆಗಳಲ್ಲಿ ಒಂದು. ಅದಕ್ಕೂ ಅಲ್ಲಿ ಭಂಗವಿಲ್ಲ. ದೃಷ್ಟಾಂತದ ಶ್ರಾವಕನು ಹೀಗೆಯೇ ಯೋಚಿಸಿ ಹಡಗಿನ ಎಲ್ಲರೊಂದಿಗೆ ಸಂಜೆ ಎಂಟು ಗಂಟೆಗೂ, ಕೆಲವೊಮ್ಮೆ ರಾತ್ರಿ ಹತ್ತು ಗಂಟೆಗೂ ಆಹಾರವನ್ನು ಸ್ವೀಕರಿಸಿದನು.

ಇದನ್ನು ವ್ರತಭಂಗವೆಂದು ಹೇಳಲಾಗದು. ಆದರೆ ವ್ರತಪಾಲನೆಯೆಂದೂ ಹೇಳಲಾಗದು. ರಾತ್ರಿಭೋಜನತ್ಯಾಗದಲ್ಲಿ ಎರಡು ಅಂಗಗಳಿವೆ. ಒಂದು ಕಣ್ಣಿಗೆ ಕಾಣದ ಕ್ಷುದ್ರಜೀವಿಗಳ ರಕ್ಷಣೆ. ಇನ್ನೊಂದು ದಿನದ ಅರ್ಧಭಾಗದಲ್ಲಿ ನಾಲಗೆಗೆ ವಿಶ್ರಾಂತಿ. ಮೊದಲನೆಯದನ್ನು ಸೂರ್ಯನೇ ನಡೆಸಿಕೊಟ್ಟನು. ಎರಡನೆಯದನ್ನು ಮನುಷ್ಯನೇ ನಡೆಸಿಕೊಳ್ಳಬೇಕಾಗಿತ್ತು. ಮೈಸೂರಿನಲ್ಲಿ ಸಂಜೆಯಾದೊಡನೆ ಸಂಯಮವು ಹೊರಗಿನಿಂದ ಬಂದು ಬಾಗಿಲು ತಟ್ಟುತ್ತದೆ. ಮನೆಯಲ್ಲಿ ಅಮ್ಮ ಸೂರ್ಯಾಸ್ತಕ್ಕೆ ಎರಡು ಘಳಿಗೆ ಮುಂಚೆಯೇ ಊಟಕ್ಕೆ ಕರೆಯುತ್ತಾರೆ, ಬಸದಿಯಲ್ಲಿ ದೀಪಾರತಿಯಾಗುತ್ತದೆ, ಕತ್ತಲೆಯೇ ಕಾವಲುಗಾರನಾಗುತ್ತದೆ. ಕತ್ತಲೆಯೇ ಇಲ್ಲದ ದೇಶದಲ್ಲಿ ಮಾತ್ರ ಸಂಯಮವು ಒಳಗಿನಿಂದ ಹುಟ್ಟಬೇಕಾಗುತ್ತದೆ. ಅಂಥ ಕಡೆ ಹೋಗುವ ವ್ರತಿಯು ತನ್ನೂರಿನ ಗಡಿಯಾರವನ್ನೇ ಆಗಲಿ ಹನ್ನೆರಡು ಗಂಟೆಯ ಒಂದು ಅವಧಿಯನ್ನೇ ಆಗಲಿ ಮೊದಲೇ ಸಂಕಲ್ಪಿಸಿಕೊಂಡು ಅದನ್ನೇ ತನ್ನ ರಾತ್ರಿಯೆಂದು ಭಾವಿಸುವುದು ಯುಕ್ತ. ಸಾಮಾಯಿಕದ ಸಂಧಿಕಾಲಗಳನ್ನೂ ಹೀಗೆಯೇ ನಿಶ್ಚಯಿಸಿಕೊಳ್ಳಬಹುದು. ಅಷ್ಟಮಿ ಚತುರ್ದಶಿಗಳ ಪ್ರೋಷಧಕ್ಕಂತೂ ಅಡ್ಡಿಯೇ ಇಲ್ಲ, ತಿಥಿಯನ್ನು ನಡೆಸುವ ಚಂದ್ರನು ಅಲ್ಲಿಯೂ ಅದೇ ಚಂದ್ರನು.

ಇನ್ನು ಯಾತ್ರೆಯ ಕೊನೆ. ಹಡಗು ಉತ್ತರಾಭಿಮುಖವಾಗಿ ಮರಳುವಾಗ ಎಷ್ಟೋ ದಿನಗಳ ನಂತರ ಮೊದಲ ಬಾರಿಗೆ ಸೂರ್ಯನು ಮುಳುಗುತ್ತಾನೆ, ಹಿಮದ ಗುಡ್ಡಗಳು ಹಿಂದೆ ಸರಿಯುತ್ತವೆ, ನಿಯಮಗಳು ಒಂದೊಂದಾಗಿ ಸಡಿಲಾಗುತ್ತವೆ. ಪಾದರಕ್ಷೆಯನ್ನು ತೊಳೆಯಬೇಕಾದುದಿಲ್ಲ, ಜೇಬನ್ನು ಶೋಧಿಸಬೇಕಾದುದಿಲ್ಲ. ನಿನ್ನೆ ಪೆಂಗ್ವಿನ್ನಿಗೆ ದಾರಿ ಬಿಟ್ಟವನು ಇಂದು ಬಂದರಿನಲ್ಲಿ ಸಹಯಾತ್ರಿಕನನ್ನು ತಳ್ಳಿಕೊಂಡು ಮುಂದೆ ಹೋಗುತ್ತಾನೆ. ಹಡಗಿನಿಂದ ಇಳಿಯುವ ಮೊದಲೇ ಕೆಲವರು ಮುಂದಿನ ವರ್ಷ ಉತ್ತರ ಧ್ರುವಕ್ಕೆ ಹೋಗುವ ಲೆಕ್ಕಾಚಾರದಲ್ಲಿ ತೊಡಗುತ್ತಾರೆ. ವ್ರತಿಯು ನಿಃಶಲ್ಯನಾಗಿರಬೇಕೆಂದು ಸೂತ್ರಕಾರರು ಹೇಳಿದ ಶಲ್ಯಗಳಲ್ಲಿ ನಿದಾನವೂ ಒಂದು. ಒಂದು ಭೋಗವು ಮುಗಿಯುತ್ತಿರುವಾಗಲೇ ಇನ್ನೊಂದು ಭೋಗಕ್ಕೆ ಮನಸ್ಸು ಮುಳ್ಳಿನಂತೆ ಸಿಕ್ಕಿಕೊಳ್ಳುವುದು ಅದರ ಲಕ್ಷಣ. ನೋಡಿದುದು ತೃಪ್ತಿಯನ್ನು ಕೊಡದೆ ಹಸಿವನ್ನೇ ಹೆಚ್ಚಿಸಿದರೆ ಆ ಪಾರಣೆಯು ಕೆಟ್ಟ ಪಾರಣೆ.

ಈ ಸ್ಥಳದಲ್ಲಿ ಭರತ ಚಕ್ರವರ್ತಿಯ ದಿಗ್ವಿಜಯವನ್ನು ನೆನೆಯುವುದು ಉಚಿತ. ಆರು ಖಂಡಗಳನ್ನು ಗೆದ್ದ ಭರತನು ತನ್ನ ಕೀರ್ತಿಯನ್ನು ಬರೆಯಿಸಲು ವೃಷಭಾಚಲಕ್ಕೆ ಬಂದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳು ಅಲ್ಲಿ ತುಂಬಿಹೋಗಿ ತನ್ನ ಹೆಸರಿಗೆ ಎಡೆಯೇ ಇಲ್ಲದಿರುವುದನ್ನು ಕಂಡನು. ಒಬ್ಬರ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಯಿಸಬೇಕಾಯಿತು. ಅವನ ಗರ್ವವು ಅಲ್ಲಿ ಕುಗ್ಗಿತು. ಆಮೇಲೆ ಅಯೋಧ್ಯೆಗೆ ಮರಳಿದಾಗ ಚಕ್ರರತ್ನವು ಪುರದ್ವಾರದಲ್ಲಿ ನಿಂತುಬಿಟ್ಟಿತು, ಒಳಗೆ ಬರಲಿಲ್ಲ. ಎಲ್ಲ ದಿಕ್ಕುಗಳಲ್ಲಿ ತಡೆಯಿಲ್ಲದೆ ಉರುಳಿದ ಚಕ್ರವು ಮನೆಯ ಬಾಗಿಲಲ್ಲಿ ನಿಂತುದೇಕೆ? ಗೆಲ್ಲಬೇಕಾದುದು ಮನೆಯಲ್ಲಿಯೇ, ಒಡಹುಟ್ಟಿದವರ ನಡುವೆಯೇ ಉಳಿದಿತ್ತು. ಆ ಶೇಷವನ್ನು ಬಾಹುಬಲಿಯು ಯುದ್ಧದಲ್ಲಿ ಗೆದ್ದು, ಗೆದ್ದುದನ್ನು ಬಿಟ್ಟು, ನಿಂತಲ್ಲಿ ನಿಂತು ಪೂರೈಸಿದನು.

ಮೈಸೂರಿನ ಆ ಶ್ರಾವಕನ ಚಕ್ರವೂ ಮನೆಯ ಬಾಗಿಲಲ್ಲಿಯೇ ನಿಂತಿತು. ಅವನು ಮರಳಿದ ಸಂಜೆ ಅಮ್ಮ ಊಟ ಮುಗಿಸಿ ಜಪದ ಮಣೆಯ ಮೇಲೆ ಕುಳಿತಿದ್ದರು. ಆರು ಗಂಟೆಗೆಲ್ಲ ಹೊರಗೆ ಕತ್ತಲೆ ಇಳಿಯುತ್ತಿತ್ತು. “ಊಟ ಆಯಿತೇ ಮಗು? ಹೊತ್ತು ಮುಳುಗಿತಲ್ಲ” ಎಂದು ಅವರು ಕೇಳಿದರು. ಆ ಒಂದು ಪ್ರಶ್ನೆಗೆ ಅವನಿಂದ ಸುಳ್ಳು ಹೇಳಲಾಗಲಿಲ್ಲ. ಹೋದ ದೇಶವನ್ನೂ ಮಾಡಿದ ಲೆಕ್ಕವನ್ನೂ ಉಂಡ ಹೊತ್ತನ್ನೂ ಹೇಳಿದನು. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಅಲ್ಲಿ ಹೊತ್ತು ಮುಳುಗಲಿಲ್ಲ ಸರಿ. ನಿನಗೆ ಒಂದು ದಿನವೂ ಸಾಕು ಅನ್ನಿಸಲಿಲ್ಲವೇ?” ಎಂದು ಕೇಳಿದರು. ಅವರ ನೋವು ಮಗನು ಸಮುದ್ರವನ್ನು ದಾಟಿದುದಕ್ಕಲ್ಲ, ತಮ್ಮೊಂದಿಗೆ ಕುಳಿತು ಕೈಮುಗಿದು ಸ್ವೀಕರಿಸಿದ ಮಾತನ್ನು ತಮಗೇ ತಿಳಿಸದೆ ದಾಟಿದುದಕ್ಕೆ.

ಈಗ ಮೂಲಪ್ರಶ್ನೆಗೆ ಬರಬಹುದು. ಇಂಥ ಯಾತ್ರೆಯು ಅರ್ಥವೋ ಅನರ್ಥವೋ? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ಪ್ರಮಾದಚರ್ಯೆಯೆಂಬುದರಲ್ಲಿ ನೆಲವನ್ನು, ನೀರನ್ನು, ಬೆಂಕಿಯನ್ನು, ಗಾಳಿಯನ್ನು ನಿಷ್ಪ್ರಯೋಜನವಾಗಿ ಕಲಕುವುದನ್ನೂ ಗಿಡಗಳನ್ನು ಕಡಿಯುವುದನ್ನೂ ಸೇರಿಸಿ, ಅದರೊಂದಿಗೆ ವೃಥಾ ತಿರುಗುವುದನ್ನೂ ಇತರರನ್ನು ವೃಥಾ ತಿರುಗಿಸುವುದನ್ನೂ ಎಣಿಸಿದ್ದಾರೆ. ತಿರುಗಾಟವೇ ಒಂದು ದಂಡವಾಗಬಲ್ಲುದೆಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಹಡಗುಗಳ ಮತ್ತು ಯಂತ್ರಗಳ ಮಸಿಯು ಪ್ರವಾಸಿಗರು ಇಳಿಯುವ ತಾಣಗಳ ಸುತ್ತಲಿನ ಹಿಮದ ಮೇಲೆ ಕುಳಿತು ಅದು ಬೇಗ ಕರಗುವಂತೆ ಮಾಡುತ್ತಿದೆಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಲಿಂಡ್‌ಬ್ಲಾಡನ ಆ ಮೊದಲ ಪುಟ್ಟ ಹಡಗು ‘ಎಕ್ಸ್‌ಪ್ಲೋರರ್’ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದಾಗ 2007ರ ನವೆಂಬರ್ 23ರಂದು ಹಿಮಕ್ಕೆ ತಾಗಿ ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಬದುಕಿದರೆಂಬುದು ಸಂತೋಷ. ಆದರೆ ಅದರ ಎಣ್ಣೆಯು ಆ ನೀರಿಗೆ ಸೇರಿತು. ಏನನ್ನೂ ಬಿಟ್ಟು ಬರಬಾರದೆಂಬ ನಿಯಮವನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೂ ಹೋಗುವುದೆಂಬ ಕ್ರಿಯೆಯೇ ಏನನ್ನಾದರೂ ಬಿಟ್ಟು ಬರುತ್ತದೆ.

ಹಾಗೆಂದು ಎಲ್ಲ ಧ್ರುವಯಾತ್ರೆಯೂ ಅನರ್ಥವಲ್ಲ. ಅಂಟಾರ್ಕ್ಟಿಕದಲ್ಲಿ ನೆಲೆಸಿ ಆಕಾಶವನ್ನು ಅಳೆದ ವಿಜ್ಞಾನಿಗಳು 1985ರಲ್ಲಿ ಓಜೋನ್ ಪದರದ ಕ್ಷಯವನ್ನು ಜಗತ್ತಿಗೆ ತಿಳಿಸಿದರು. ಅದರಿಂದಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಗಿ ಎಷ್ಟೋ ದೇಶಗಳು ಕೆಲವು ಅನಿಲಗಳ ಬಳಕೆಯನ್ನು ತ್ಯಜಿಸಲು ಒಪ್ಪಿದವು. ಕೆಲವರು ಹೋಗಿ ಬಂದುದರಿಂದ ಅನೇಕರು ಬಿಡುವುದನ್ನು ಕಲಿತರು. ಇದು ಅರ್ಥವತ್ತಾದ ಗಮನ. 1959ರ ಅಂಟಾರ್ಕ್ಟಿಕ ಒಪ್ಪಂದಕ್ಕೆ ಭಾರತವು 1983ರಲ್ಲಿ ಸೇರಿತು. 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಒಡಂಬಡಿಕೆಯ ಪ್ರಕಾರ ಅಲ್ಲಿ ಗಣಿಗಾರಿಕೆ ನಿಷಿದ್ಧ. ಒಂದು ಇಡೀ ಖಂಡದ ವಿಷಯದಲ್ಲಿ ರಾಷ್ಟ್ರಗಳು ತಮ್ಮ ಲೋಭಕ್ಕೆ ಮೇರೆ ಹಾಕಿಕೊಂಡುದು, ಅವು ಆ ಹೆಸರಿನಿಂದ ಕರೆಯದಿದ್ದರೂ, ಒಂದು ಬಗೆಯ ಪರಿಮಾಣವ್ರತವೇ.

ದಿಗ್ವ್ರತದ ಮಹಿಮೆಯನ್ನು ಹೇಳುವಾಗ ಸಮಂತಭದ್ರರು ಒಂದು ಗಹನವಾದ ಮಾತನ್ನು ತಿಳಿಸಿದ್ದಾರೆ. ಮೇರೆಯ ಹೊರಗಿನ ಕ್ಷೇತ್ರದಲ್ಲಿ ಗೃಹಸ್ಥನು ಸೂಕ್ಷ್ಮಪಾಪವನ್ನೂ ಮಾಡದ ಕಾರಣ, ಆ ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳ ಸ್ಥಿತಿಗೆ ಏರುತ್ತವೆ ಎಂಬುದು ಅದರ ತಾತ್ಪರ್ಯ. ಮೈಸೂರಿನ ಮನೆಯಲ್ಲಿ ಜಪಮಣೆಯ ಮೇಲೆ ಕುಳಿತ ಆ ವೃದ್ಧೆ ಹಿಮಖಂಡವನ್ನು ಕಂಡವರಲ್ಲ, ಅದರ ಹೆಸರನ್ನು ಸರಿಯಾಗಿ ಉಚ್ಚರಿಸಬಲ್ಲವರೂ ಅಲ್ಲ. ಆದರೂ ಕನ್ಯಾಕುಮಾರಿಯ ಆಚೆಗಿನ ಸಮಸ್ತ ಜೀವರಾಶಿಗೆ ಅವರು ಅರ್ಧಶತಮಾನಕ್ಕೂ ಹಿಂದೆಯೇ ಅಭಯವನ್ನು ಕೊಟ್ಟಿದ್ದಾರೆ. ಐದು ಮೀಟರ್ ದೂರದಿಂದ ಪೆಂಗ್ವಿನ್ನನ್ನು ನೋಡಿ ಬಂದ ಮಗನಿಗಿಂತ, ಅಡುಗೆಮನೆಯಿಂದ ಬಸದಿಗೆ ನಡೆದು ಬರುವ ತಾಯಿಯಿಂದಲೇ ಆ ಪಕ್ಷಿಗೆ ಹೆಚ್ಚಿನ ಉಪಕಾರವಾಗಿದೆ. ಹೋಗದಿರುವುದೂ ಒಂದು ದಾನವೆಂಬುದು ಕಾಲವು ಮರೆತಿರುವ ಸತ್ಯ.

ಹಾಗಾದರೆ ಹೋಗಿ ಬಂದವನಿಗೆ ದಾರಿಯಿಲ್ಲವೇ? ಉಂಟು. ಪ್ರಾಯಶ್ಚಿತ್ತದಲ್ಲಿ ಮೊದಲನೆಯದು ಆಲೋಚನೆ, ಅಂದರೆ ಮುಚ್ಚುಮರೆಯಿಲ್ಲದೆ ಗುರುಗಳ ಮುಂದೆ ಹೇಳಿಕೊಳ್ಳುವುದು. ದೃಷ್ಟಾಂತದ ಶ್ರಾವಕನು ತಾಯಿಯ ಮುಂದೆ ಹೇಳಿಕೊಂಡಾಗಲೇ ಅದರ ಅರ್ಧವನ್ನು ಮಾಡಿದ್ದನು. ಮುಂದಿನ ಚತುರ್ದಶಿಯಂದು ಉಪವಾಸವಿದ್ದು, ತಾಯಿಯೊಂದಿಗೆ ಮುನಿಗಳ ದರ್ಶನಕ್ಕೆ ಹೋಗಿ ಉಳಿದರ್ಧವನ್ನೂ ಮಾಡುವನು. ಅವನು ಹೊಸದಾಗಿ ಸ್ವೀಕರಿಸುವ ಮೇರೆಯು ತಾಯಿಯ ಮೇರೆಗಿಂತ ಚಿಕ್ಕದಾದರೂ ಆಗಬಹುದು. ಕಾಣದ ವಸ್ತುವನ್ನು ಬಿಡುವುದು ತಾಯಿಯ ತ್ಯಾಗ, ಕಂಡು ಪ್ರೀತಿಸಿದ ವಸ್ತುವನ್ನು ಮತ್ತೆ ನೋಡೆನೆಂದು ಬಿಡುವುದು ಮಗನ ತ್ಯಾಗ. ಎರಡಕ್ಕೂ ಅದರದರ ಬೆಲೆಯುಂಟು.

ಯಾತ್ರೆಯನ್ನು ಯೋಚಿಸುವ ಗೃಹಸ್ಥರು ಮೂರು ಮಾತುಗಳನ್ನು ನೆನಪಿನಲ್ಲಿಡುವುದು ಒಳಿತು. ಹೊರಡುವ ಮುಂಚೆ ಪ್ರಯೋಜನವನ್ನು ಮನೆಯವರ ಎದುರಿನಲ್ಲಿಯೇ ಹೇಳಬೇಕು. ಹೇಳಲು ನಾಚಿಕೆಯಾದರೆ ಆ ಪ್ರಯೋಜನವನ್ನು ಸಂಶಯಿಸಬೇಕು. ದಾರಿಯಲ್ಲಿ ಸೂರ್ಯನು ಕಾವಲಿರದಿದ್ದರೂ ತನ್ನ ರಾತ್ರಿಯನ್ನು ತಾನೇ ಕಾಯ್ದುಕೊಳ್ಳಬೇಕು. ಮರಳಿದ ಮೇಲೆ, ಯಾತ್ರೆಗೆ ಆದ ವೆಚ್ಚದಲ್ಲಿ ಒಂದು ಭಾಗಕ್ಕೆ ಸಮನಾದುದನ್ನು ಜೀವದಯೆಗೆ ವಿನಿಯೋಗಿಸಿ, ಕಾಲಕ್ಕೊಂದು ದೇಶಾವಕಾಶಿಕವನ್ನು ಹಿಡಿದು, ಕೆಲವು ದಿನಗಳಾದರೂ ತನ್ನ ಊರಿನ, ತನ್ನ ಬೀದಿಯ, ತನ್ನ ಮನೆಯ ಮೇರೆಯೊಳಗೆ ಸ್ಥಿರವಾಗಿರಬೇಕು. ಹಡಗಿನಲ್ಲಿ ಹತ್ತು ದಿನ ಪಾಲಿಸಿದ ಎಚ್ಚರವನ್ನು, ಅಂದರೆ ನೋಡಿ ನಡೆಯುವುದು, ಮುಟ್ಟದಿರುವುದು, ದಾರಿ ಬಿಡುವುದು ಎಂಬಿವನ್ನು, ಮೈಸೂರಿನ ಬೀದಿಯಲ್ಲಿ ಹಸುವಿಗೂ ಇರುವೆಗೂ ನೆರೆಯವನಿಗೂ ಮುಂದುವರಿಸಿದರೆ ಆ ಯಾತ್ರೆಗೆ ಸರಿಯಾದ ಪಾರಣೆಯಾಯಿತು. ಇಲ್ಲವಾದರೆ ಹಡಗು ಬಂದರನ್ನು ಸೇರಿತು, ಯಾತ್ರಿಕನು ಮಾತ್ರ ಇನ್ನೂ ಮನೆಯನ್ನು ಸೇರಲಿಲ್ಲ ಎಂದೇ ತಿಳಿಯತಕ್ಕುದು.